ಆಕ್ಷೇಪಕ್ಕೆ ಆಹ್ವಾನ

ಮಾತು ಮನುಷ್ಯರನ್ನು ಕೂಡಿಸುವ ಸಾಧನವೂ ಹೌದು, ಅಗಲಿಸುವ ಸಾಧನವೂ ಹೌದು. ಒಂದೇ ವಿಷಯವನ್ನು ಕುರಿತು ಇಬ್ಬರು ವಿಚಾರವಂತರಲ್ಲಿ ಅಭಿಪ್ರಾಯಭೇದ ಉಂಟಾದಾಗ, ಅವರ ನಡುವಣ ಮಾತು ಸತ್ಯದ ಕಡೆಗೆ ಸಾಗುವುದೋ ಕಲಹದ ಕಡೆಗೆ ತಿರುಗುವುದೋ ಎಂಬುದು ಅವರ ಪಾಂಡಿತ್ಯಕ್ಕಿಂತ ಹೆಚ್ಚಾಗಿ ಅವರು ಅನುಸರಿಸುವ ಕ್ರಮವನ್ನು ಅವಲಂಬಿಸಿದೆ. ಭಾರತೀಯ ತರ್ಕಶಾಸ್ತ್ರಕಾರರು ಈ ಸಂಗತಿಯನ್ನು ಬಹು ಹಿಂದೆಯೇ ಗುರುತಿಸಿದ್ದರು. ನ್ಯಾಯಸೂತ್ರಗಳಲ್ಲಿ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ತತ್ತ್ವನಿರ್ಣಯದ ಅಪೇಕ್ಷೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂಬ ಹಟದಿಂದ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಮುರಿಯುವುದಷ್ಟೇ ಉದ್ದೇಶವಾದರೆ ಅದು ವಿತಂಡ.

ಈ ವಿಂಗಡಣೆಯು ಎದುರುಬದುರು ಕುಳಿತು ವಾದಿಸುವ ಪಂಡಿತರ ಸಭೆಗಾಗಿ ರೂಪುಗೊಂಡಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ಬಗೆಯ ಸಭೆ ಹುಟ್ಟಿಕೊಂಡಿತು. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಲು ಹೊರಟ ತಂತ್ರಜ್ಞರು ನೂರಾರು ಮೈಲಿಗಳ ಅಂತರದಲ್ಲಿದ್ದು, ಬಹುಪಾಲು ಬರವಣಿಗೆಯ ಮೂಲಕವೇ ಚರ್ಚಿಸಬೇಕಾಯಿತು. ಅವರ ಚರ್ಚೆಯ ವಿಷಯ ಶುಷ್ಕವಾದುದು: ತಂತಿ, ಸಂಕೇತ, ಅಂಕಿಗಳ ಕ್ರಮ. ಆದರೆ ಅದರ ಫಲ ಕಣ್ಣೆದುರೇ ಕಾಣುವಂತಹುದು. ಇಬ್ಬರು ಒಪ್ಪದಿದ್ದರೆ ಎರಡು ಯಂತ್ರಗಳು ಮಾತನಾಡುತ್ತಿರಲಿಲ್ಲ. ಆದ್ದರಿಂದ ಒಪ್ಪಿಗೆಗೆ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ಅವರು ತಪ್ಪಿಸಿಕೊಳ್ಳುವಂತಿರಲಿಲ್ಲ. ತಪ್ಪುತ್ತಾ, ತಿದ್ದಿಕೊಳ್ಳುತ್ತಾ ಅವರು ಕಂಡುಕೊಂಡ ವಾದನೀತಿಯ ಇತಿಹಾಸವು ಯಂತ್ರಗಳ ಪರಿಚಯವಿಲ್ಲದವರಿಗೂ ತಿಳಿದಿರತಕ್ಕದ್ದು.

ಹೆಸರಿನಲ್ಲಿಯೇ ವಿನಯ

1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯೊಂದರ ನೆರವಿನಿಂದ ನಾಲ್ಕು ಕೇಂದ್ರಗಳ ಗಣಕಗಳನ್ನು ಜೋಡಿಸುವ ಕಾರ್ಯ ಆರಂಭವಾಯಿತು. ಲಾಸ್ ಏಂಜಲೀಸ್ ಮತ್ತು ಸಾಂತಾ ಬಾರ್ಬರಾಗಳ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳು, ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ಹಾಗೂ ಯೂಟಾ ವಿಶ್ವವಿದ್ಯಾನಿಲಯ ಇವೇ ಆ ನಾಲ್ಕು ಕೇಂದ್ರಗಳು. ಯಂತ್ರಗಳು ಪರಸ್ಪರ ಮಾತನಾಡಲು ಬೇಕಾದ ನಿಯಮಗಳನ್ನು ರೂಪಿಸುವ ಹೊಣೆ ವಿದ್ಯಾರ್ಥಿಗಳ ಒಂದು ಸಣ್ಣ ಗುಂಪಿನ ಮೇಲೆ ಬಿದ್ದಿತು. ಅವರಲ್ಲಿ ಲಾಸ್ ಏಂಜಲೀಸಿನ ಸ್ನಾತಕೋತ್ತರ ವಿದ್ಯಾರ್ಥಿ ಸ್ಟೀವ್ ಕ್ರಾಕರ್ ಒಬ್ಬರು.

ಆ ಯುವಕರಿಗೆ ಒಂದು ಅಳುಕಿತ್ತು. ಇಂತಹ ದೊಡ್ಡ ಕಾರ್ಯಕ್ಕೆ ಅಧಿಕೃತರಾದ ಹಿರಿಯರು ಎಲ್ಲಿಯೋ ಇರಬೇಕು, ತಾವು ನಿಯಮಗಳನ್ನು ಬರೆದರೆ ಅವರಿಗೆ ಅಸಮಾಧಾನವಾದೀತು ಎಂದು ಅವರು ಭಾವಿಸಿದ್ದರು. ಟಿಪ್ಪಣಿಗಳಿಗೆ ತಕ್ಕ ವಿನಯದ ಮಾತುಗಳನ್ನು ಹುಡುಕುತ್ತಾ ಒಂದು ರಾತ್ರಿ ನಿದ್ದೆಗೆಟ್ಟುದಾಗಿ ಕ್ರಾಕರ್ ಅವರು ಮುಂದೆ ಹೇಳಿಕೊಂಡಿದ್ದಾರೆ. ತಾವು ಇಳಿದುಕೊಂಡಿದ್ದ ಮನೆಯ ಸ್ನೇಹಿತರ ನಿದ್ದೆ ಕೆಡದಿರಲೆಂದು ಸ್ನಾನದ ಕೋಣೆಯಲ್ಲಿ ಕುಳಿತು ಬರೆದರಂತೆ. ಕೊನೆಗೆ ಅವರು ಆ ಟಿಪ್ಪಣಿಗಳಿಗೆ ಇಟ್ಟ ಹೆಸರು 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್', ಎಂದರೆ 'ಅಭಿಪ್ರಾಯಗಳಿಗಾಗಿ ವಿನಂತಿ'. ಮೊದಲ ಟಿಪ್ಪಣಿಯ ದಿನಾಂಕ 1969ರ ಏಪ್ರಿಲ್ 7. ಆಜ್ಞೆ, ತೀರ್ಪು, ಪ್ರಮಾಣ ಎಂಬ ಪದಗಳಲ್ಲಿ ಒಂದೂ ಆ ಹೆಸರಿನಲ್ಲಿ ಇರಲಿಲ್ಲ.

ಅದೇ ತಿಂಗಳು ಹೊರಬಂದ ಮೂರನೆಯ ಟಿಪ್ಪಣಿ ಇನ್ನೂ ಗಮನಾರ್ಹವಾದುದು. ಯಾರು ಏನನ್ನು ಬರೆಯಬಹುದು ಎಂಬುದನ್ನು ಅದು ತಿಳಿಸಿತು. ಉದಾಹರಣೆಗಳಿಲ್ಲದ ತಾತ್ತ್ವಿಕ ನಿಲುವು, ಪೀಠಿಕೆಯಿಲ್ಲದ ಸಲಹೆ, ಉತ್ತರವಿಲ್ಲದ ಪ್ರಶ್ನೆ ಇವೆಲ್ಲಕ್ಕೂ ಅಲ್ಲಿ ಸ್ವಾಗತವಿತ್ತು. ಕನಿಷ್ಠ ಒಂದು ವಾಕ್ಯವಿದ್ದರೆ ಸಾಕು. ಈ ಔದಾರ್ಯಕ್ಕೆ ಎರಡು ಕಾರಣಗಳನ್ನು ಕೊಡಲಾಗಿತ್ತು. ಬರೆದುದೆಲ್ಲವೂ ಅಧಿಕೃತವೆಂದು ಭಾವಿಸುವುದು ಮನುಷ್ಯಸ್ವಭಾವ. ಅಷ್ಟು ಅಧಿಕೃತವಲ್ಲದ ವಿಚಾರಗಳೂ ಹರಿದಾಡುವಂತಾಗಬೇಕು ಎಂಬುದು ಮೊದಲನೆಯದು. ನಯಗೊಳಿಸದ ಬರಹವನ್ನು ಪ್ರಕಟಿಸಲು ಯಾರಿಗಾದರೂ ಸಂಕೋಚವಾಗುತ್ತದೆ. ಆ ಸಂಕೋಚ ಕಡಿಮೆಯಾಗಬೇಕು ಎಂಬುದು ಎರಡನೆಯದು.

ಇದರ ತಿರುಳನ್ನು ಗಮನಿಸಬೇಕು. ವಾದಿಸುವವನು ತನ್ನ ಮಾತನ್ನು ಅಭೇದ್ಯವಾದ ಕೋಟೆಯಂತೆ ಕಟ್ಟಲು ಬಯಸುವುದು ಸಹಜ. ಈ ವಿದ್ಯಾರ್ಥಿಗಳು ಅದಕ್ಕೆ ವಿರುದ್ಧವಾದ ದಾರಿ ಹಿಡಿದರು. ತಮ್ಮ ಮಾತಿನಲ್ಲಿ ತಪ್ಪು ಎಲ್ಲಿದೆ ಎಂಬುದನ್ನು ಇತರರು ಸುಲಭವಾಗಿ ತೋರಿಸುವಂತೆ ಬಾಗಿಲನ್ನು ತೆರೆದಿಟ್ಟರು. ಆರಂಭದಲ್ಲಿ ಕಾಗದದ ಮೇಲೆ ಮುದ್ರಿತವಾಗಿ ಅಂಚೆಯಲ್ಲಿ ಹೋಗುತ್ತಿದ್ದ ಈ ಟಿಪ್ಪಣಿಗಳ ಸಂಖ್ಯೆ ಇಂದು 9,000ವನ್ನು ಮೀರಿದೆ. ಅಂತರ್ಜಾಲದ ಮೂಲನಿಯಮಗಳು ಅವುಗಳಲ್ಲಿಯೇ ಅಡಕವಾಗಿವೆ. ಇಂದಿಗೂ ಅವುಗಳ ಹೆಸರು 'ವಿನಂತಿ' ಎಂದೇ ಉಳಿದಿದೆ.

ಬಿಡಿ ಮೊದಲೋ, ಹತ್ತು ಮೊದಲೋ

ಆದರೆ ಹೆಸರಿನಲ್ಲಿ ವಿನಯವಿದ್ದ ಮಾತ್ರಕ್ಕೆ ಜಗಳ ನಿಲ್ಲುವುದಿಲ್ಲ. 1970ರ ದಶಕದ ಕೊನೆಯ ವೇಳೆಗೆ ತಂತ್ರಜ್ಞರಲ್ಲಿ ಎರಡು ಬಣಗಳಾಗಿದ್ದವು. ಒಂದು ದೊಡ್ಡ ಸಂಖ್ಯೆಯನ್ನು ಬಿಡಿ ಬಿಡಿ ತುಂಡುಗಳಾಗಿ ಕಳಿಸುವಾಗ ದೊಡ್ಡ ಸ್ಥಾನದ ತುಂಡನ್ನು ಮೊದಲು ಕಳಿಸಬೇಕೋ ಸಣ್ಣ ಸ್ಥಾನದ ತುಂಡನ್ನು ಮೊದಲು ಕಳಿಸಬೇಕೋ ಎಂಬುದೇ ವಿವಾದ.

ಕನ್ನಡಿಗರಿಗೆ ಇದು ಅಪರಿಚಿತವಾದ ಸಮಸ್ಯೆಯಲ್ಲ. ಕನ್ನಡದಲ್ಲಿ 'ಇಪ್ಪತ್ತೈದು' ಎನ್ನುವಾಗ ಹತ್ತರ ಸ್ಥಾನ ಮೊದಲು ಬರುತ್ತದೆ. ಸಂಸ್ಕೃತದಲ್ಲಿ 'ಪಂಚವಿಂಶತಿ' ಎನ್ನುವಾಗ ಬಿಡಿಯ ಸ್ಥಾನ ಮೊದಲು. ಶಾಸನಗಳಲ್ಲಿಯೂ ಶಾಸ್ತ್ರಗ್ರಂಥಗಳಲ್ಲಿಯೂ ಕಾಣುವ ಭೂತಸಂಖ್ಯಾ ಪದ್ಧತಿಯಲ್ಲಿ ಅಂಕಗಳನ್ನು ಬಿಡಿಸ್ಥಾನದಿಂದ ಆರಂಭಿಸಿ ಎಣಿಸುತ್ತಾರೆ. ವೇದ ಎಂದರೆ 4, ಚಂದ್ರ ಎಂದರೆ 1. 'ವೇದ-ಚಂದ್ರ' ಎಂದಾಗ 14 ಎಂದು ತಿಳಿಯಬೇಕೇ ಹೊರತು 41 ಎಂದಲ್ಲ. ಎರಡು ಪದ್ಧತಿಗಳಲ್ಲಿ ಯಾವುದೂ ತಪ್ಪಲ್ಲ. ಒಬ್ಬನು ಒಂದು ಕ್ರಮದಲ್ಲಿ ಬರೆದುದನ್ನು ಇನ್ನೊಬ್ಬನು ಮತ್ತೊಂದು ಕ್ರಮದಲ್ಲಿ ಓದಿದಾಗ ಮಾತ್ರ ಅನರ್ಥವಾಗುತ್ತದೆ.

1980ರ ಏಪ್ರಿಲ್ 1ರಂದು ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ ಈ ವಿವಾದವನ್ನು ಕುರಿತು ಒಂದು ಪ್ರಬಂಧವನ್ನು ಹೊರತಂದರು. ಅದರ ಶೀರ್ಷಿಕೆಯೇ ಧರ್ಮಯುದ್ಧಗಳನ್ನು ಹೆಸರಿಸಿ ಶಾಂತಿಗಾಗಿ ಬೇಡುವಂತಿತ್ತು. ಜೊನಾಥನ್ ಸ್ವಿಫ್ಟ್ 1726ರಲ್ಲಿ ಬರೆದ ಗಲಿವರನ ಪ್ರವಾಸಕಥೆಯಲ್ಲಿ, ಮೊಟ್ಟೆಯನ್ನು ದೊಡ್ಡ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದ ಒಡೆಯಬೇಕೋ ಎಂಬ ಪ್ರಶ್ನೆಗಾಗಿ ಎರಡು ರಾಜ್ಯಗಳು ಯುದ್ಧಕ್ಕಿಳಿಯುತ್ತವೆ. ಕೊಹೆನ್ ಅವರು ಆ ಕಥೆಯ ಹೆಸರುಗಳನ್ನೇ ಎರಡೂ ಬಣಗಳಿಗೆ ಇಟ್ಟರು. ಆ ಹೆಸರುಗಳು ಇಂದಿಗೂ ಗಣಕಶಾಸ್ತ್ರದ ಪಾರಿಭಾಷಿಕ ಪದಗಳಾಗಿ ಉಳಿದಿವೆ.

ಆ ಪ್ರಬಂಧದ ಹಿರಿಮೆ ಹಾಸ್ಯದಲ್ಲಿ ಮಾತ್ರವೇ ಇಲ್ಲ. ಕೊಹೆನ್ ಅವರು ಮೊದಲು ಎರಡೂ ಪಕ್ಷಗಳ ಯುಕ್ತಿಯನ್ನು, ಆ ಪಕ್ಷದವರು ಒಪ್ಪುವಂತೆ, ವಿಶದವಾಗಿ ನಿರೂಪಿಸಿದರು. ತಮ್ಮ ಕ್ರಮವೇ ಸುಸಂಗತವೆಂದು ಹೇಳಿಕೊಳ್ಳುವವರ ಯಂತ್ರಗಳಲ್ಲಿಯೂ ಎಲ್ಲಿ ಅಸಂಗತತೆ ಇದೆ ಎಂಬುದನ್ನು ತೋರಿಸಿದರು. ಅನಂತರ, ಯಾವ ಕ್ರಮ ಎಂಬುದು ಮುಖ್ಯವಲ್ಲ, ಎಲ್ಲರೂ ಒಂದೇ ಕ್ರಮವನ್ನು ಒಪ್ಪುವುದು ಮುಖ್ಯ ಎಂಬ ನಿರ್ಣಯಕ್ಕೆ ಬಂದರು. ಬೇಕಿದ್ದರೆ ನಾಣ್ಯ ಚಿಮ್ಮಿ ತೀರ್ಮಾನಿಸಬಹುದೆಂದೂ ಸೂಚಿಸಿದರು. ಇಂದು ಅಂತರ್ಜಾಲದ ಮೂಲನಿಯಮಗಳು ದೊಡ್ಡ ತುದಿಯ ಕ್ರಮವನ್ನು ಅನುಸರಿಸುತ್ತವೆ; ಬಳಕೆಯಲ್ಲಿರುವ ಬಹುಪಾಲು ಗಣಕಗಳು ಒಳಗೆ ಸಣ್ಣ ತುದಿಯ ಕ್ರಮವನ್ನು ಅನುಸರಿಸುತ್ತವೆ. ಹೊಸ್ತಿಲಲ್ಲಿ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿಕೊಂಡು ಎರಡೂ ನೆಮ್ಮದಿಯಾಗಿವೆ.

ಸತ್ಯಾಸತ್ಯದ ಪ್ರಶ್ನೆ ಯಾವುದು, ಕೇವಲ ರೂಢಿಯ ಪ್ರಶ್ನೆ ಯಾವುದು ಎಂದು ಬೇರ್ಪಡಿಸಿದರೆ ಅರ್ಧ ವಿವಾದ ಅಲ್ಲಿಯೇ ಶಮನವಾಗುತ್ತದೆ ಎಂಬುದಕ್ಕೆ ಇದೊಂದು ಒಳ್ಳೆಯ ದೃಷ್ಟಾಂತ.

ಮುಖ ಕಾಣದ ಮಾತು

ಬರವಣಿಗೆಯ ಚರ್ಚೆಗೆ ಮತ್ತೊಂದು ಕೊರತೆಯಿದೆ. ಎದುರಿಗಿರುವವನ ಮುಖಭಾವ, ಧ್ವನಿಯ ಏರಿಳಿತ, ತುಟಿಯಂಚಿನ ನಗೆ ಯಾವುವೂ ಅಕ್ಷರಗಳಲ್ಲಿ ಇಳಿಯುವುದಿಲ್ಲ. 1982ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಗಣಕ ವಿಭಾಗದಲ್ಲಿ ಇದರ ಅನುಭವವಾಯಿತು. ಅಲ್ಲಿಯವರು ಪರಸ್ಪರ ಸಂದೇಶಗಳನ್ನು ಬರೆದಿಡುತ್ತಿದ್ದ ಒಂದು ಸಾಮಾನ್ಯ ಫಲಕವಿತ್ತು. ತಂತಿ ಕಡಿದು ಬೀಳುತ್ತಿರುವ ಲಿಫ್ಟಿನೊಳಗೆ ಉರಿಯುವ ಮೇಣದ ಬತ್ತಿ, ಪಾದರಸದ ಹನಿ ಮೊದಲಾದವು ಏನಾಗುತ್ತವೆ ಎಂಬ ಭೌತಶಾಸ್ತ್ರದ ಒಗಟು ಅದರಲ್ಲಿ ನಡೆದಿತ್ತು. ಒಬ್ಬರು ತಮಾಷೆಗೆಂದು, ಪ್ರಯೋಗದ ಫಲವಾಗಿ ಕಟ್ಟಡದ ಲಿಫ್ಟೊಂದು ಪಾದರಸದಿಂದ ಕಲುಷಿತವಾಗಿದೆ, ಬೆಂಕಿಯಿಂದ ಸ್ವಲ್ಪ ಹಾನಿಯೂ ಆಗಿದೆ ಎಂದು ಬರೆದರು. ಓದಿದವರಲ್ಲಿ ಕೆಲವರು ಅದನ್ನು ನಿಜವಾದ ಎಚ್ಚರಿಕೆಯೆಂದೇ ನಂಬಿದರು.

ಹಾಗಾದರೆ ಹಾಸ್ಯವನ್ನು ಗುರುತಿಸುವ ಚಿಹ್ನೆಯೊಂದು ಬೇಕೆಂಬ ಚರ್ಚೆ ಹುಟ್ಟಿತು. ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಅವರು ವಿವರಣಚಿಹ್ನೆ, ಅಡ್ಡಗೀಟು, ಮುಚ್ಚುವ ಆವರಣಚಿಹ್ನೆ ಈ ಮೂರನ್ನು ಸಾಲಾಗಿ ಬರೆದು, ತಲೆಯನ್ನು ಓರೆ ಮಾಡಿ ನೋಡಿದರೆ ನಗುಮುಖ ಕಾಣುತ್ತದೆ ಎಂದು ಸೂಚಿಸಿದರು. ಇಂದು ಫೋನುಗಳಲ್ಲಿ ಕಾಣುವ ನಗುಮುಖದ ಚಿತ್ರಗಳ ಪೂರ್ವಜ ಅದು. ಕಳೆದುಹೋಗಿದ್ದ ಆ ಮೂಲಸಂದೇಶವನ್ನು 2002ರಲ್ಲಿ ಹಳೆಯ ಟೇಪುಗಳಿಂದ ಹುಡುಕಿ ತೆಗೆಯಲಾಯಿತು.

ಫಾಲ್ಮನ್ ಅವರು ಮುಂದೆ ನೆನಪಿಸಿಕೊಂಡಂತೆ ಅಲ್ಲಿನ ತೊಂದರೆ ಇದ್ದುದು ಹೀಗೆ: ಯಾರೋ ಒಬ್ಬರು ವ್ಯಂಗ್ಯವಾಡುವರು, ಅದನ್ನು ಅರಿಯದ ಇನ್ನೊಬ್ಬರು ದೀರ್ಘವಾದ ಖಂಡನೆಯನ್ನು ಬರೆಯುವರು, ಆ ಖಂಡನೆಗೆ ಮತ್ತಷ್ಟು ಉತ್ತರಗಳು ಬರುವವು, ಸ್ವಲ್ಪ ಹೊತ್ತಿನಲ್ಲಿ ಮೂಲವಿಷಯ ಮರೆಯಾಗುವುದು. ಒಬ್ಬರಲ್ಲಿಯೂ ದ್ವೇಷವಿರುವುದಿಲ್ಲ, ಆದರೂ ಜಗಳ ನಡೆದುಹೋಗುತ್ತದೆ. ಆಡಿದವನ ಅಂತರಂಗ ಶುದ್ಧವಾಗಿದ್ದರಷ್ಟೇ ಸಾಲದು. ಅದು ಕೇಳುವವನಿಗೆ ತಿಳಿಯುವಂತೆ ಮಾಡುವ ಹೊಣೆಯೂ ಆಡಿದವನದೇ.

ಕೈ ಎಣಿಸದ ಸಭೆ

1990ರ ದಶಕದ ಆರಂಭದಲ್ಲಿ ಅಂತರ್ಜಾಲಕ್ಕೆ ಒಂದು ಸಂಕಟ ಎದುರಾಯಿತು. ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಆಗಿನ ನಿಯಮದಂತೆ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅವು ಮುಂದೊಂದು ದಿನ ಮುಗಿಯುವುದು ಖಚಿತವೆಂದು ತೋರಿತು. 1992ರ ಜೂನ್ ತಿಂಗಳಲ್ಲಿ ಜಪಾನಿನ ಕೋಬೆ ನಗರದಲ್ಲಿ ಸೇರಿದ್ದ ಹಿರಿಯ ತಜ್ಞರ ಮಂಡಲಿಯು, ಬೇರೊಂದು ಅಂತರರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ್ದ ನಿಯಮವನ್ನು ಆಧಾರವಾಗಿ ಇಟ್ಟುಕೊಂಡು ಹೊಸ ವ್ಯವಸ್ಥೆಯನ್ನು ರೂಪಿಸುವುದೆಂದು ನಿಶ್ಚಯಿಸಿತು. ಆ ಹಿರಿಯರ ಯೋಗ್ಯತೆಯನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ. ಜಾಲವನ್ನು ಕಟ್ಟಿದವರಲ್ಲಿ ಅವರೇ ಪ್ರಮುಖರು. ಆದರೆ ದಿನನಿತ್ಯ ದುಡಿಯುವ ತಂತ್ರಜ್ಞರ ಆಕ್ಷೇಪಗಳನ್ನು ಕೇಳುವ ಮೊದಲೇ ನಿಶ್ಚಯವಾಗಿತ್ತು. ಪ್ರತಿಭಟನೆ ತೀವ್ರವಾಯಿತು.

ಮರುತಿಂಗಳು ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಐಇಟಿಎಫ್ ಎಂಬ ತಂತ್ರಜ್ಞರ ಪರಿಷತ್ತು ಸೇರಿತು. 1986ರಲ್ಲಿ ಕೇವಲ 21 ಮಂದಿಯಿಂದ ಆರಂಭವಾಗಿದ್ದ ಸಭೆ ಅದು. ಅಲ್ಲಿ ಹಿರಿಯರಲ್ಲಿ ಒಬ್ಬರಾದ ಡೇವಿಡ್ ಕ್ಲಾರ್ಕ್ ಅವರು ಮಾಡಿದ ಉಪನ್ಯಾಸದ ಒಂದು ಮಾತು ಆ ಸಮುದಾಯದ ಧ್ಯೇಯವಾಕ್ಯವೇ ಆಯಿತು. ಅರಸರನ್ನಾಗಲಿ ಅಧ್ಯಕ್ಷರನ್ನಾಗಲಿ ಮತದಾನವನ್ನಾಗಲಿ ಈ ಸಭೆ ನಂಬುವುದಿಲ್ಲ. ಸ್ಥೂಲವಾದ ಸಮ್ಮತಿಯನ್ನೂ, ಕೆಲಸ ಮಾಡಿ ತೋರಿಸುವ ಪ್ರಯೋಗವನ್ನೂ ನಂಬುತ್ತದೆ ಎಂಬುದು ಅದರ ತಾತ್ಪರ್ಯ. ಮಂಡಲಿಯು ತನ್ನ ನಿಶ್ಚಯದಿಂದ ಹಿಂದೆ ಸರಿಯಿತು. ಮುಂದೆ ಎರಡು ವರ್ಷಗಳ ಮುಕ್ತ ಚರ್ಚೆಯ ಬಳಿಕ ಬೇರೊಂದು ಮಾರ್ಗ ಆಯ್ಕೆಯಾಗಿ, ಅದರ ನಿಯಮಗಳು 1995ರ ಡಿಸೆಂಬರಿನಲ್ಲಿ ಪ್ರಕಟವಾದವು.

ಮತದಾನವನ್ನೇಕೆ ಬಿಡಬೇಕು ಎಂಬ ಪ್ರಶ್ನೆ ಏಳುವುದು ಸಹಜ. ಪೀಟ್ ರೆಸ್ನಿಕ್ ಅವರು 2014ರಲ್ಲಿ ಬರೆದ ಟಿಪ್ಪಣಿಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಆಗ ಈ ಸಭೆಗಳಲ್ಲಿ ಅಭಿಪ್ರಾಯವನ್ನು ಅಳೆಯಲು ಕೈ ಎತ್ತಿಸುತ್ತಿರಲಿಲ್ಲ. ಒಪ್ಪುವವರು ಬಾಯಿ ಮುಚ್ಚಿ 'ಹೂಂ' ಎಂದು ಗುಂಯ್‌ಗುಟ್ಟುವುದು ಅಲ್ಲಿನ ರೂಢಿಯಾಗಿತ್ತು. ಬಳಿಕ ಒಪ್ಪದವರೂ ಹಾಗೆಯೇ ಮಾಡುತ್ತಿದ್ದರು. ಗುಂಯ್‌ಗುಡುವಿಕೆಯಿಂದ ತಲೆಗಳನ್ನು ಎಣಿಸಲಾಗುವುದಿಲ್ಲ, ಆಕ್ಷೇಪ ಇದೆಯೇ ಎಂಬುದು ಮಾತ್ರ ತಿಳಿಯುತ್ತದೆ. ಅಲ್ಲಿಗೆ ಚರ್ಚೆ ಮುಗಿಯದೆ ನಿಜವಾಗಿ ಆರಂಭವಾಗುತ್ತದೆ. ನಿಮ್ಮ ಆಕ್ಷೇಪವೇನು ಎಂದು ಅಧ್ಯಕ್ಷರು ಕೇಳಬೇಕು.

ನೂರು ಮಂದಿ ಒಪ್ಪಿ ಐವರು ಒಪ್ಪದಿದ್ದರೂ ಅದು ಸಮ್ಮತಿಯಾಗದಿರಬಹುದು ಎನ್ನುತ್ತದೆ ಆ ಟಿಪ್ಪಣಿ. ಏಕೆಂದರೆ ಆ ಐವರು ತೋರಿದ ದೋಷಕ್ಕೆ ನೂರು ಮಂದಿಯಲ್ಲಿ ಯಾರೂ ಉತ್ತರ ಕೊಟ್ಟಿರಲಿಕ್ಕಿಲ್ಲ. ಹಾಗೆಯೇ ಐವರು ಒಪ್ಪಿ ನೂರು ಮಂದಿ ವಿರೋಧಿಸಿದರೂ ಸಮ್ಮತಿ ಉಂಟಾಗಿರಬಹುದು. ಆ ನೂರು ಮಂದಿಯ ಆಕ್ಷೇಪವೆಲ್ಲ ಒಂದೇ ಆಗಿದ್ದು, ಅದಕ್ಕೆ ಆಗಲೇ ಸಮರ್ಪಕ ಉತ್ತರ ದೊರೆತಿರಬಹುದು. ಪ್ರತಿಯೊಂದು ಆಕ್ಷೇಪಕ್ಕೂ ಮಣಿಯಬೇಕೆಂದು ಅದು ಹೇಳುವುದಿಲ್ಲ. ಪ್ರತಿಯೊಂದನ್ನೂ ಕೇಳಿ, ತೂಗಿ, ಉತ್ತರಿಸಬೇಕೆಂದು ಹೇಳುತ್ತದೆ. ಎಷ್ಟು ಮಂದಿ ಎಂಬ ಪ್ರಶ್ನೆಯ ಸ್ಥಾನದಲ್ಲಿ ಏನು ಕಾರಣ ಎಂಬ ಪ್ರಶ್ನೆಯನ್ನು ತಂದು ನಿಲ್ಲಿಸಿದುದೇ ಈ ಪದ್ಧತಿಯ ಸಾರ. ಇದರಲ್ಲಿ ಕಾಲಹರಣವಿದೆ, ಹಟಮಾರಿಗಳಿಗೆ ಅವಕಾಶವೂ ಇದೆ. ಆದರೆ ಒಬ್ಬನೇ ಕಂಡ ದೋಷವೊಂದು ಬಹುಮತದ ಸದ್ದಿನಲ್ಲಿ ಮುಚ್ಚಿಹೋಗುವ ಭಯ ಕಡಿಮೆ.

ಗುರುಸ್ಥಾನದ ಪ್ರತಿವಾದಿ

ಅದೇ 1992ರಲ್ಲಿ ಮತ್ತೊಂದು ವಾದವೂ ನಡೆಯಿತು. ಆಮ್‌ಸ್ಟರ್‌ಡ್ಯಾಮಿನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ ಅವರು ಬೋಧನೆಗಾಗಿ ಮಿನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ರಚಿಸಿದ್ದರು. ಅದನ್ನು ಬಳಸಿ ಕಲಿತವರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಒಬ್ಬರು. 1991ರಲ್ಲಿ ಅವರು ಲಿನಕ್ಸ್ ಎಂಬ ತಮ್ಮದೇ ವ್ಯವಸ್ಥೆಯನ್ನು ಆರಂಭಿಸಿದರು. 1992ರ ಜನವರಿ 29ರಂದು ಟಾನೆನ್‌ಬಾಮ್ ಅವರು ಲಿನಕ್ಸ್ ಹಳತಾಯಿತೆಂಬ ಶೀರ್ಷಿಕೆಯಡಿ ಸಾರ್ವಜನಿಕವಾಗಿ ಟೀಕೆ ಬರೆದರು. ಎಲ್ಲ ಕಾರ್ಯಗಳನ್ನೂ ಒಂದೇ ತಿರುಳಿನೊಳಗೆ ತುಂಬಿದ ಅದರ ವಿನ್ಯಾಸ ಹಿಂದಿನ ಕಾಲದ್ದು, ಒಂದೇ ಬಗೆಯ ಸಂಸ್ಕಾರಕಕ್ಕೆ ಅದನ್ನು ಅಂಟಿಸಿದ್ದು ತಪ್ಪು ಎಂಬುದು ಅವರ ಆಕ್ಷೇಪ.

ಇಪ್ಪತ್ತೆರಡು ವರ್ಷದ ಟೊರ್ವಾಲ್ಡ್ಸ್ ಅಂದೇ ಕೆರಳಿ ಉತ್ತರಿಸಿದರು. ವಿಷಯವನ್ನು ಬಿಟ್ಟು ಹಿರಿಯರ ವೃತ್ತಿಯನ್ನೂ ಚುಚ್ಚಿದರು. ಆದರೆ ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿತೈಷಿಯೊಬ್ಬರು ಸ್ನೇಹದಿಂದ, ಖಾಸಗಿಯಾಗಿ, ಇದು ಕ್ರಮವಲ್ಲವೆಂದು ಅವರಿಗೆ ಬರೆದರು. ಟೊರ್ವಾಲ್ಡ್ಸ್ ಅದೇ ಸಾರ್ವಜನಿಕ ಸ್ಥಳದಲ್ಲಿ, ತಾನು ಮಿತಿಮೀರಿ ವರ್ತಿಸಿದುದಾಗಿ ಒಪ್ಪಿ ಕ್ಷಮೆ ಕೇಳಿದರು. ಗಮನಾರ್ಹವಾದುದೆಂದರೆ ಅವರು ತಮ್ಮ ಪಕ್ಷವನ್ನು ಬಿಟ್ಟುಕೊಡಲಿಲ್ಲ. ಟೀಕೆಗಳಲ್ಲಿ ಕೆಲವು ಸರಿಯೆಂದು ಮಾತ್ರ ಒಪ್ಪಿದರು. ಮಾತಿನ ರೀತಿಗೆ ಕ್ಷಮೆ ಬೇರೆ, ಮಾತಿನ ಸಾರಕ್ಕೆ ನಿಷ್ಠೆ ಬೇರೆ ಎಂಬ ವಿವೇಕ ಅಲ್ಲಿ ಕಾಣುತ್ತದೆ. ಮುಂದಿನ ವರ್ಷಗಳಲ್ಲಿ ಲಿನಕ್ಸ್ ಹಲವು ಬಗೆಯ ಸಂಸ್ಕಾರಕಗಳಿಗೆ ವಿಸ್ತರಿಸಿತು. ವಿರೋಧಿಯ ಒಂದು ಆಕ್ಷೇಪ ಹೀಗೆ ಕಾರ್ಯರೂಪದಲ್ಲಿ ಪರಿಹಾರ ಕಂಡಿತು. ಮೂಲವಿನ್ಯಾಸ ಮಾತ್ರ ಬದಲಾಗಲಿಲ್ಲ.

ಹನ್ನೆರಡು ವರ್ಷಗಳ ಬಳಿಕ, 2004ರಲ್ಲಿ, ಲಿನಕ್ಸ್ ಅನ್ನು ಟೊರ್ವಾಲ್ಡ್ಸ್ ಸ್ವತಃ ಬರೆದಿರಲಾರರು, ಮಿನಿಕ್ಸ್‌ನಿಂದ ಎತ್ತಿಕೊಂಡಿರಬೇಕು ಎಂಬ ಆರೋಪ ಅಮೆರಿಕದಲ್ಲಿ ಎದ್ದಿತು. ಮಿನಿಕ್ಸ್ ಕರ್ತೃವಾದ ಟಾನೆನ್‌ಬಾಮ್ ಸುಮ್ಮನಿದ್ದರೂ ಆರೋಪಕ್ಕೆ ಬಲ ಬರುತ್ತಿತ್ತು. ಆದರೆ ಅವರು ತಾವಾಗಿಯೇ ಮುಂದೆ ಬಂದು, ಲಿನಕ್ಸ್ ತಿರುಳನ್ನು ಟೊರ್ವಾಲ್ಡ್ಸ್ ಅವರೇ ಬರೆದರೆಂದು ಸಾರ್ವಜನಿಕವಾಗಿ ಸಾಕ್ಷ್ಯ ನುಡಿದರು. ವಿನ್ಯಾಸದ ವಿಷಯದಲ್ಲಿ ತಮ್ಮ ಅಭಿಪ್ರಾಯ ಅಂದೂ ಬದಲಾಗಿರಲಿಲ್ಲವೆಂದು ಸೇರಿಸುವುದನ್ನೂ ಅವರು ಮರೆಯಲಿಲ್ಲ. ಎದುರಾಳಿಯ ಮತ ತಪ್ಪೆಂದು ದೃಢವಾಗಿ ನಂಬಿಯೂ ಎದುರಾಳಿಗೆ ಅನ್ಯಾಯವಾಗದಂತೆ ನೋಡಿಕೊಳ್ಳುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಆದರೆ ಒಮ್ಮೆ ಕಲಿತ ಪಾಠ ಜೀವನಪೂರ್ತಿ ನಿಲ್ಲುವುದಿಲ್ಲ. ಲಿನಕ್ಸ್ ಬೆಳೆದಂತೆ ಟೊರ್ವಾಲ್ಡ್ಸ್ ಅವರ ನಿಷ್ಠುರ ಮಾತುಗಳೂ ಪ್ರಸಿದ್ಧವಾದವು. 2018ರ ಸೆಪ್ಟೆಂಬರ್ 16ರಂದು ಅವರು ತಮ್ಮ ಸಹೋದ್ಯೋಗಿಗಳಿಗೆ ಬರೆದ ಪತ್ರದಲ್ಲಿ, ತಮ್ಮ ಕಟುವಾದ ಬರಹಗಳಿಂದ ಹಲವರಿಗೆ ನೋವಾಗಿರುವುದನ್ನು ಒಪ್ಪಿಕೊಂಡರು. ಕೆಲವರು ಅದರಿಂದಲೇ ಈ ಕಾರ್ಯವನ್ನು ಬಿಟ್ಟು ಹೋಗಿರಬಹುದೆಂದೂ ಹೇಳಿ ಕ್ಷಮೆ ಕೇಳಿ, ಕೆಲಕಾಲ ಕೆಲಸದಿಂದ ದೂರ ಸರಿದರು. ಅಂತಹ ಮಾತಿನ ನಷ್ಟವನ್ನು ಲೆಕ್ಕ ಹಾಕುವುದು ಕಷ್ಟ. ಬಿಟ್ಟು ಹೋದವರು ಹೇಳಬಹುದಾಗಿದ್ದ ಆಕ್ಷೇಪಗಳು ಯಾವ ದಾಖಲೆಯಲ್ಲಿಯೂ ಸಿಗುವುದಿಲ್ಲ.

ಪದಗಳ ತೂಕ

ಅನುಭವವು ಕ್ರಮೇಣ ನಿಯಮವಾಯಿತು. 1995ರ ಅಕ್ಟೋಬರಿನಲ್ಲಿ ಸ್ಯಾಲಿ ಹ್ಯಾಂಬ್ರಿಜ್ ಎಂಬ ಮಹಿಳೆ ಸಿದ್ಧಪಡಿಸಿದ ಟಿಪ್ಪಣಿ ಜಾಲದ ಶಿಷ್ಟಾಚಾರಗಳನ್ನು ಸಂಗ್ರಹಿಸಿತು. ಕೋಪ ಬಂದಾಗ ಉತ್ತರವನ್ನು ಒಂದು ರಾತ್ರಿ ತಡೆದು ಕಳಿಸಬೇಕು. ಯಾವ ಮಾತಿಗೆ ಉತ್ತರ ಕೊಡಲಾಗುತ್ತಿದೆ ಎಂಬುದನ್ನು ಮೊದಲು ಸಂಕ್ಷೇಪವಾಗಿ ತಿಳಿಸಬೇಕು. ಓದುವವನೂ ಮನುಷ್ಯನೇ, ಅವನ ಭಾಷೆ, ಸಂಸ್ಕೃತಿ, ಹಾಸ್ಯಪ್ರಜ್ಞೆ ಬೇರೆಯಾಗಿರಬಹುದು ಎಂಬುದನ್ನು ನೆನಪಿಡಬೇಕು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿಯೇ ಇಡೀ ಸಂದೇಶವನ್ನು ಬರೆದರೆ ಕಿರುಚಿದಂತಾಗುತ್ತದೆ. ಇಂತಹ ಸರಳ ಮಾತುಗಳೇ ಅದರಲ್ಲಿ ಹೆಚ್ಚಾಗಿವೆ.

ಇದಕ್ಕಿಂತ ಸೂಕ್ಷ್ಮವಾದುದು 1997ರ ಮಾರ್ಚಿನಲ್ಲಿ ಸ್ಕಾಟ್ ಬ್ರಾಡ್ನರ್ ಅವರು ಬರೆದ ಪುಟ್ಟ ಟಿಪ್ಪಣಿ. ನಿಯಮಗಳಲ್ಲಿ ಬರುವ ವಿಧಿಪದಗಳ ತೂಕವನ್ನು ಅದು ಗೊತ್ತುಪಡಿಸಿತು. 'ಮಾಡಲೇಬೇಕು' ಎಂದರೆ ವಿನಾಯಿತಿಯಿಲ್ಲ. 'ಮಾಡುವುದು ಉಚಿತ' ಎಂಬ ಎರಡನೆಯ ಮಟ್ಟದಲ್ಲಿ, ಸಕಾರಣವಾದ ಸಂದರ್ಭದಲ್ಲಿ ಬಿಡಬಹುದು, ಆದರೆ ಬಿಟ್ಟರೆ ಆಗುವ ಪರಿಣಾಮವನ್ನು ಪೂರ್ಣವಾಗಿ ತಿಳಿದು ತೂಗಿದ ಮೇಲೆ ಮಾತ್ರ. 'ಮಾಡಬಹುದು' ಎಂದರೆ ಪೂರ್ಣವಾಗಿ ಐಚ್ಛಿಕ. ಇಂತಹ ಕಟ್ಟುನಿಟ್ಟಿನ ಪದಗಳನ್ನು ಮಿತವಾಗಿ, ನಿಜವಾಗಿ ಅಗತ್ಯವಿರುವಲ್ಲಿ ಮಾತ್ರ ಬಳಸಬೇಕು, ತನ್ನ ವಿಧಾನವನ್ನು ಇತರರ ಮೇಲೆ ಹೇರಲು ಬಳಸಬಾರದು ಎಂಬ ಎಚ್ಚರಿಕೆಯೂ ಅದರಲ್ಲಿದೆ.

ನ್ಯಾಯಶಾಸ್ತ್ರದ 'ಛಲ' ಎಂಬ ದೋಷ ಇಲ್ಲಿ ನೆನಪಾಗುತ್ತದೆ. ಒಬ್ಬನು 'ನವಕಂಬಳ' ಹೊದ್ದಿದ್ದಾನೆ ಎಂದಾಗ ಹೊಸ ಕಂಬಳಿ ಎಂಬ ಅರ್ಥವನ್ನು ಬಿಟ್ಟು, ಒಂಬತ್ತು ಕಂಬಳಿ ಎಲ್ಲಿವೆ ಎಂದು ಕೇಳುವುದು ಅದರ ಪ್ರಸಿದ್ಧ ಉದಾಹರಣೆ. ಪದ ಸಡಿಲವಾಗಿದ್ದರೆ ಛಲಕ್ಕೆ ಎಡೆಯಾಗುತ್ತದೆ. ಕನ್ನಡದ ಸಂಸ್ಥೆಗಳ ನಿಬಂಧನೆಗಳಲ್ಲಿ ಕಾಣುವ 'ಮಾಡತಕ್ಕದ್ದು' ಎಂಬ ಪದವನ್ನೇ ನೋಡಬಹುದು. ಒಬ್ಬರಿಗೆ ಅದು ಕಡ್ಡಾಯ, ಇನ್ನೊಬ್ಬರಿಗೆ ಅದು ಯುಕ್ತವಾದ ಸಲಹೆ. ಅನೇಕ ಸಭೆಗಳಲ್ಲಿ ವರ್ಷಗಟ್ಟಲೆ ನಡೆಯುವ ವೈಮನಸ್ಯದ ಮೂಲವನ್ನು ಹುಡುಕಿದರೆ ಇಂತಹ ಒಂದು ಪದ ಸಿಕ್ಕೀತು.

ಸಹನೆಯ ಮಿತಿ

ವಿನಂತಿಯ ಟಿಪ್ಪಣಿಗಳನ್ನು ಆರಂಭಕಾಲದಿಂದ 1998ರ ಅಕ್ಟೋಬರಿನಲ್ಲಿ ತಾವು ತೀರಿಕೊಳ್ಳುವವರೆಗೆ ಸಂಪಾದಿಸಿದವರು ಜಾನ್ ಪೋಸ್ಟೆಲ್. 1980ರಲ್ಲಿ ಅವರು ಯಂತ್ರಗಳಿಗಾಗಿ ಒಂದು ಸೂತ್ರವನ್ನು ಹೇಳಿದರು. ತಾನು ಕಳಿಸುವುದರಲ್ಲಿ ಕಟ್ಟುನಿಟ್ಟಾಗಿರಬೇಕು, ಇತರರಿಂದ ಸ್ವೀಕರಿಸುವುದರಲ್ಲಿ ಉದಾರವಾಗಿರಬೇಕು ಎಂಬುದು ಅದರ ಭಾವ. ಯಂತ್ರಗಳಿಗೆಂದು ಹೇಳಿದ ಈ ಸೂತ್ರವನ್ನು ಹ್ಯಾಂಬ್ರಿಜ್ ಅವರ ಟಿಪ್ಪಣಿ ಮನುಷ್ಯರ ಪತ್ರವ್ಯವಹಾರಕ್ಕೂ ಅನ್ವಯಿಸಿತು. ತನ್ನ ನುಡಿಯಲ್ಲಿ ಎಚ್ಚರ, ಪರರ ನುಡಿಯಲ್ಲಿ ಕ್ಷಮೆ: ಇದಕ್ಕೆ ಎದುರಾಡುವವರು ಯಾರು?

ಆದರೂ ಎದುರಾಡಿದರು. 2023ರ ಜೂನ್‌ನಲ್ಲಿ ಮಾರ್ಟಿನ್ ಥಾಮ್ಸನ್ ಮತ್ತು ಡೇವಿಡ್ ಸ್ಕಿನಾಜಿ ಅವರು ಪ್ರಕಟಿಸಿದ ಟಿಪ್ಪಣಿ ಈ ಸೂತ್ರದ ದುಷ್ಪರಿಣಾಮವನ್ನು ವಿಶ್ಲೇಷಿಸಿತು. ತಪ್ಪಾಗಿ ಬಂದುದನ್ನು ಸುಮ್ಮನೆ ಸರಿಪಡಿಸಿಕೊಂಡು ಸ್ವೀಕರಿಸಿದರೆ ಕಳಿಸಿದವನಿಗೆ ತನ್ನ ತಪ್ಪು ತಿಳಿಯುವುದಿಲ್ಲ. ಅವನು ಮತ್ತೆ ಮತ್ತೆ ಹಾಗೆಯ� ಕಳಿಸುತ್ತಾನೆ. ಕಾಲಾಂತರದಲ್ಲಿ ಆ ತಪ್ಪೇ ರೂಢಿಯಾಗಿ, ಹೊಸಬರೂ ಅದನ್ನು ಸಹಿಸಲೇಬೇಕಾಗುತ್ತದೆ. ಸಹನೆ ಒಳ್ಳೆಯದು, ಆದರೆ ತಪ್ಪನ್ನು ತಿಳಿಸದ ಸಹನೆಯು ತಪ್ಪಿಗೆ ಆಶ್ರಯವಾಗುತ್ತದೆ ಎಂಬುದು ಅವರ ವಾದದ ಸಾರ. ಎಲ್ಲರ ಗೌರವಕ್ಕೆ ಪಾತ್ರರಾದ ಹಿರಿಯರ ಸೂತ್ರವನ್ನೇ, ಅವರು ಮೂರು ದಶಕಗಳ ಕಾಲ ಕಾಪಾಡಿದ ಟಿಪ್ಪಣಿಗಳ ಮಾಲೆಯಲ್ಲಿಯೇ, ಗೌರವ ಕೆಡದಂತೆ ಪ್ರಶ್ನಿಸಲು ಸಾಧ್ಯವಾಯಿತು. ಮೊದಲ ಟಿಪ್ಪಣಿಯ ಹೆಸರು ಸಾರ್ಥಕವಾದುದು ಅಲ್ಲಿ.

ಈ ಮಾಲೆಗೆ ಇನ್ನೊಂದು ನಿಯಮವಿದೆ. ಒಮ್ಮೆ ಪ್ರಕಟವಾದ ಟಿಪ್ಪಣಿಯನ್ನು ತಿದ್ದುವುದಿಲ್ಲ, ಅಳಿಸುವುದೂ ಇಲ್ಲ. ತಪ್ಪುಗಳಿದ್ದರೆ ಬೇರೆಯೇ ಪಟ್ಟಿಯಲ್ಲಿ ದಾಖಲಾಗುತ್ತವೆ. ವಿಚಾರ ಬದಲಾದರೆ ಹೊಸ ಸಂಖ್ಯೆಯ ಹೊಸ ಟಿಪ್ಪಣಿ ಬರುತ್ತದೆ. ಇಂದು ಕನ್ನಡದ ಅಕ್ಷರಗಳು ಜಾಲದಲ್ಲಿ ಸಂಚರಿಸುವ ಸಂಕೇತಕ್ರಮವೂ ಹೀಗೆಯೇ 1996, 1998 ಮತ್ತು 2003ರಲ್ಲಿ ಮೂರು ಬಾರಿ ನಿರೂಪಿತವಾಗಿ ನೆಲೆಗೊಂಡಿತು. ಮೂರೂ ಇಂದಿಗೂ ಓದಲು ದೊರೆಯುತ್ತವೆ. ಹಿಂದಿನವರು ಎಲ್ಲಿ ಎಡವಿದರೆಂಬುದು ಮುಂದಿನವರಿಗೆ ಮುಚ್ಚಿಹೋಗಿಲ್ಲ.

ಸಂಘ-ಸಂಸ್ಥೆಗಳ ಆಡಳಿತ ಸಭೆಗಳಲ್ಲಿಯೂ ಒಂದು ನಡವಳಿ ಪುಸ್ತಕವಿರುತ್ತದೆ. ಸಾಮಾನ್ಯವಾಗಿ ಅದರಲ್ಲಿ ನಿರ್ಣಯ ದಾಖಲಾಗುತ್ತದೆ, ಸರ್ವಾನುಮತ ಎಂಬ ಪದವೂ ದಾಖಲಾಗುತ್ತದೆ. ಯಾರೋ ಒಬ್ಬರು ಎದ್ದುನಿಂತು ಹೇಳಿದ ಆಕ್ಷೇಪವಾಗಲಿ ಅದಕ್ಕೆ ಕೊಟ್ಟ ಉತ್ತರವಾಗಲಿ ದಾಖಲಾಗುವುದು ಅಪರೂಪ. ಹತ್ತು ವರ್ಷಗಳ ಬಳಿಕ ಅದೇ ಪ್ರಶ್ನೆ ಮತ್ತೆ ಎದ್ದಾಗ, ಹಿಂದೆ ಯಾರು ಏನನ್ನು ಯೋಚಿಸಿದ್ದರು ಎಂಬುದು ಯಾರಿಗೂ ತಿಳಿಯದೆ ವಾದ ಮೊದಲಿನಿಂದಲೇ ಆರಂಭವಾಗುತ್ತದೆ. ಒಂದೊಂದು ನಿರ್ಣಯದ ಕೆಳಗೆ ಎರಡು ಸಾಲು ಹೆಚ್ಚಾಗಿ ಬರೆದಿಡುವುದು ಕಷ್ಟದ ಕೆಲಸವಲ್ಲ: ಬಂದ ಆಕ್ಷೇಪ ಇಂತಹುದು, ಕೊಟ್ಟ ಉತ್ತರ ಇಂತಹುದು.